ತೂಕದ ಮಿಷಿನ್ ಒಂದು, ಓದುವವರು ಇಬ್ಬರು

ಆತ್ಮೀಯರೇ,

ಒಂದು ಸಾಧನವನ್ನು ಒಂದೇ ಪ್ರೋಗ್ರಾಂ ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಸರಕು ಗಟ್ಟಿಯಿದೆ. ಅದನ್ನು ಆರನೆಯ ಪುಟದಲ್ಲಿ ಬಚ್ಚಿಟ್ಟಿದ್ದೀರಿ, ಅಷ್ಟೆ.

ಚಿಕ್ಕಮಗಳೂರಿನ ಎಸ್ಟೇಟ್ ಗೋದಾಮಿನಲ್ಲಿ ಕಾಫಿ ಮೂಟೆ ತೂಗುವಾಗ ಆದ ಎಡವಟ್ಟಿನಿಂದಲೇ ಶುರು ಮಾಡಿ. ಮಿಷಿನ್ ಮೇಲೆ 50.25, ಬಿಲ್ಲಿಂಗ್ ಪರದೆಯಲ್ಲಿ 0.25. ಲೆಕ್ಕ ಬರೆಯುವ ರೈಟರು ಹಮಾಲಿಯ ಮೇಲೆ ರೇಗುತ್ತಾರೆ. ಅಸಲಿಗೆ, ಪರೀಕ್ಷೆಗೆಂದು ಓಡಿಸಿ ಮರೆತ ಇನ್ನೊಂದು ಪ್ರೋಗ್ರಾಂ, ಮಿಷಿನ್ನಿನ ಕೇಬಲ್ ಕಂಪ್ಯೂಟರಿಗೆ ಸೇರುವ ಅದೇ ಸೀರಿಯಲ್ ಪೋರ್ಟಿನಲ್ಲಿ ಕೂತು ಆ 5ನ್ನು ನುಂಗಿದೆ. ಪೋರ್ಟಿಗೆ ಬಂದ ಅಕ್ಷರ ಮೊದಲು ಓದಿದವರ ಪಾಲು, ಇನ್ನೊಬ್ಬರಿಗೆ ನಕಲು ಸಿಗುವುದಿಲ್ಲ. ಇದನ್ನು ಅರ್ಥಮಾಡಿಸಲು ಆ ಮೂಟೆ ಸಾಕು.

ಇನ್ನು ತಪ್ಪು. ಎಫ್‌ಲಾಕ್ (flock) ಎಂದರೆ ‘ಇದು ನನ್ನ ಬಳಕೆಯಲ್ಲಿದೆ’ ಎಂದು ಪ್ರೋಗ್ರಾಂ ಹಾಕುವ ಬೀಗ. ‘ಎಫ್‌ಲಾಕ್ ಹಾಕಿದರೆ ಬೇರೆ ಯಾವ ಪ್ರೋಗ್ರಾಮೂ ಒಳಗೆ ಬರಲಾರದು’ ಎಂದಿದ್ದೀರಿ. ಧಾರಾಳವಾಗಿ ಬರುತ್ತದೆ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ನೋಡಿದ್ದೀರಲ್ಲ? ಎಫ್‌ಲಾಕ್ ಆ ಟವೆಲ್. ಅದಕ್ಕೆ ಮರ್ಯಾದೆ ಕೊಡುವವರಿಗಷ್ಟೇ ಲೆಕ್ಕ. ಪೋರ್ಟ್ ತೆರೆದ ಮೇಲೆ ಟಿಐಒಸಿಇಎಕ್ಸ್‌ಸಿಎಲ್ (TIOCEXCL) ಎಂಬ ಐಆಕ್ಟಲ್ ಕರೆ, ಅಂದರೆ ಸಾಧನಕ್ಕೆ ಕೊಡುವ ವಿಶೇಷ ಆದೇಶ, ಕೊಟ್ಟರೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಬಾಗಿಲಿಗೆ ನಿಂತು, ಆಮೇಲೆ ಬಂದವರನ್ನು ‘ಬ್ಯುಸಿ’ ಎಂದು ವಾಪಸ್ ಕಳಿಸುತ್ತದೆ. ಆದರೂ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರ ನುಗ್ಗಬಹುದು, ಮೊದಲೇ ಕೂತವರನ್ನು ಆ ಕರೆ ಎಬ್ಬಿಸುವುದೂ ಇಲ್ಲ. ನಿಮ್ಮ ಮರೆತ ಪ್ರೋಗ್ರಾಂ ಮೊದಲೇ ಕೂತಿತ್ತು ತಾನೇ? ಹಾಗಾದರೆ ಬರೀ ಇದರಿಂದ ರೈಟರ ಲೆಕ್ಕ ಸರಿಹೋಗುತ್ತಿರಲಿಲ್ಲ. ಎಫ್‌ಯೂಸರ್ ಆಜ್ಞೆ ಕೊಟ್ಟು ಪೋರ್ಟಿನಲ್ಲಿ ಯಾರು ಕೂತಿದ್ದಾರೆ ಎಂದು ಮೊದಲು ನೋಡಬೇಕಿತ್ತು. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.

ಲಾಕ್ ಫೈಲಿನ, ಅಂದರೆ ಪೋರ್ಟ್ ಹಿಡಿದ ಪ್ರೋಗ್ರಾಂ ತನ್ನ ಗುರುತಿನ ನಂಬರ್ (ಪ್ರೊಸೆಸ್ ನಂಬರ್) ಬರೆದಿಡುವ ಫೈಲಿನ, ಪ್ಯಾರಾ ಚೆನ್ನಾಗಿದೆ. ಒಂದು ಸಾಲು ಸೇರಿಸಿ: ಪ್ರೋಗ್ರಾಂ ನಡುವೆ ಸತ್ತರೆ ಆ ಫೈಲು ಹಾಗೇ ಉಳಿಯುತ್ತದೆ, ಎಫ್‌ಲಾಕ್ ಆದರೆ ಕರ್ನಲ್ ತಾನೇ ಬಿಡಿಸುತ್ತದೆ. ಅದಕ್ಕೇ ಫೈಲಿನೊಳಗಿನ ಪ್ರೊಸೆಸ್ ನಂಬರ್ ಇನ್ನೂ ಬದುಕಿದೆಯೇ ಎಂದು ನೋಡಿಕೊಳ್ಳುವುದು. ಕೀಬೋರ್ಡ್, ಡಿಸ್ಕ್, ಕ್ಯಾಮೆರಾ ಪ್ಯಾರಾಗಳನ್ನು ಕಿತ್ತುಹಾಕಿ.

‘ಸಾಧನವು ಬಳಕೆದಾರ ಕಾರ್ಯಕ್ರಮದಿಂದ ಅನನ್ಯವಾಗಿ ಪ್ರವೇಶಿಸಲ್ಪಡುತ್ತದೆ’ — ಇದನ್ನು ನಿಮ್ಮ ರೈಟರಿಗೆ ಓದಿ ಹೇಳಿ, ಅವರ ಮುಖ ನೋಡಿ. ‘ಪೋರ್ಟ್ ಒಬ್ಬರ ಕೈಯಲ್ಲೇ ಇರಲಿ’ ಅಂದರೆ ಆಯಿತಲ್ಲ.

ಮೂರು ಪುಟಕ್ಕೆ ಇಳಿಸಿ ಯುಗಾದಿಯೊಳಗೆ ಕಳಿಸಿ. ಮಿಷಿನ್ನಿನ ಹಿಂಬದಿಯ ಕೇಬಲ್ ಕಾಣುವ ಫೋಟೊ ಇದ್ದರೆ ಅದೂ ಇರಲಿ.

ಇಂತಿ,
ಸಂಪಾದಕ
ಹಾಸನ