ಪ್ಲೇನರ್ ಮಷಿನ್ ಮೇಲೆ ಕೆಲಸ ಮಾಡುವಾಗ ಗ್ಲೌಸ್ ಹಾಕಿಕೊಂಡರೆ ಸೇಫಾ?

ಮರಗೆಲಸದ ಶೆಡ್‌ಗೆ ಹೊಸದಾಗಿ ಸೇರಿದ್ದೀನಿ, ಸರ್ಫೇಸ್ ಪ್ಲೇನರ್ (ಎರಡು ಟೇಬಲ್ ನಡುವೆ ತಿರುಗುವ ಕಟರ್‌ನಿಂದ ಹಲಗೆಯ ಅಡಿ ಮುಖ ಕೀಸುವ ಮಷಿನ್) ಕೆಲಸ ಕೊಟ್ಟಿದ್ದಾರೆ, ಗ್ಲೌಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ಗ್ಲೌಸ್ ಬೇಡವೇ ಬೇಡ. ಬ್ಲೇಡ್ ಕೂರಿಸಿದ ಕಟರ್ ಸಾಮಾನ್ಯವಾಗಿ ನಿಮಿಷಕ್ಕೆ 4,000ಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್, ಮಣಿಕಟ್ಟಿಗೆ ಕಟ್ಟಿದ ದಾರ, ಸಡಿಲ ತೋಳಿನ ಅಂಗಿ, ಎಲ್ಲಕ್ಕೂ ಇದೇ ಮಾತು.

ಹೊಸಬರು ಹೆದರುವುದು ದೊಡ್ಡ ಹಲಗೆಗೆ. ನನ್ನನ್ನು ಕೇಳಿದರೆ ಚಿಕ್ಕ ತುಂಡೇ ಜಾಸ್ತಿ ಅಪಾಯ. ಆರಡಿ ತೇಗದ ಹಲಗೆ ತನ್ನ ಭಾರಕ್ಕೇ ಟೇಬಲ್ ಮೇಲೆ ಕೂತಿರುತ್ತದೆ. ಗೇಣುದ್ದದ ತುಂಡಿನಲ್ಲಿ ಬ್ಲೇಡ್ ಗಂಟಿಗೆ ಬಡಿದರೆ ಸಾಕು, ತುಂಡು ನಿಮ್ಮ ಕಡೆಗೇ ಹಾರುತ್ತದೆ, ಒತ್ತಿ ಹಿಡಿದಿದ್ದ ಕೈ ನೇರ ಕಟರ್ ಮೇಲೆ ಬೀಳುತ್ತದೆ. ಅದಕ್ಕೇ ನಾನು ಒಂದಡಿಗಿಂತ ಚಿಕ್ಕದನ್ನು ಮಷಿನ್‌ಗೆ ಕೊಡುವುದಿಲ್ಲ. ಉದ್ದ ಇರುವಾಗಲೇ ಕೀಸಿ, ಆಮೇಲೆ ಕತ್ತರಿಸುವುದು. ಚಿಕ್ಕದೇ ಬಂದರೆ ಕೈ ಕೀಸುಳಿ ಇದ್ದೇ ಇದೆಯಲ್ಲ.

ಕೈ ಎಲ್ಲಿಡಬೇಕು ಅನ್ನುವುದನ್ನು ಮೊದಲು ಮಷಿನ್ ಆಫ್ ಇರುವಾಗ ಅಭ್ಯಾಸ ಮಾಡಿ. ಶುರುವಿನಲ್ಲಿ ಹಲಗೆಯನ್ನು ಕಟರ್‌ನ ಈಚೆ, ನಿಮ್ಮ ಕಡೆಯ ಟೇಬಲ್ ಮೇಲೆ ಒತ್ತಿ. ಹಲಗೆ ಒಂದು ಗೇಣಿನಷ್ಟು ಆಚೆ ಹೋದ ಮೇಲೆ ಎಡಗೈ ಎತ್ತಿ ಆಚೆ ಟೇಬಲ್ ಕಡೆ ಇಡಿ. ಅಂಗೈ ಕಟರ್ ಮೇಲಿಂದ ಜಾರಿಕೊಂಡು ಹೋಗಬಾರದು. ಹಲಗೆಯ ಹಿಂತುದಿಗೆ ಹೆಬ್ಬೆರಳು ಕೊಟ್ಟು ತಳ್ಳುವ ಚಟ ಬಹಳ ಜನಕ್ಕಿದೆ. ಹಲಗೆ ಬ್ಲೇಡ್ ದಾಟುವ ಹೊತ್ತಿಗೆ ಆ ಬೆರಳು ಎಲ್ಲಿರುತ್ತದೆ ಹೇಳಿ? ವೇಸ್ಟ್ ಮರದಲ್ಲೇ ಹಿಡಿ ಇರುವ ಪುಷ್ ಬ್ಲಾಕ್ ಮಾಡಿಕೊಳ್ಳಿ. ಅಡಿಯಲ್ಲಿ, ಹಿಂದುಗಡೆ, ಹಲಗೆಯನ್ನು ತಳ್ಳಲು ಒಂದು ಪಟ್ಟಿ ಹೊಡೆದರೆ ಆಯಿತು.

ಒಂದು ಸಲಕ್ಕೆ 1 ಮಿ.ಮೀ. ತೆಗೆದರೆ ಸಾಕು, ಮತ್ತಿಯಂಥ ಗಟ್ಟಿ ಮರಕ್ಕೆ ಇನ್ನೂ ಕಮ್ಮಿ. ಹಳೇ ಮನೆಯ ತೊಲೆ, ಬಾಗಿಲು ಬಂದರೆ ಮೊದಲು ಮೊಳೆ ಹುಡುಕಿ ಕೀಳಿ.

ಕಟರ್ ಮುಚ್ಚುವ ಗಾರ್ಡ್ ಬಿಚ್ಚಿ ಮೂಲೆಗೆ ಎಸೆದಿರುವ ಶೆಡ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಮೇಸ್ತ್ರಿ ಏನೇ ಅನ್ನಲಿ, ಅದನ್ನು ಹಾಕಿಸಿಕೊಂಡೇ ನಿಲ್ಲಿ. ಮರದ ಧೂಳಿಗೆ ಸರಿಯಾದ ಮಾಸ್ಕ್ ಬೇಕು, ಕರ್ಚೀಫ್ ಸಾಲದು. ಸ್ವಿಚ್ ಆಫ್ ಮಾಡಿದ ಮೇಲೂ ಕಟರ್ ಸ್ವಲ್ಪ ಹೊತ್ತು ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ, ಆಗ ಹೊಟ್ಟು ಸರಿಸಲು ಸುಮ್ನೆ ಕೈ ಹಾಕಬೇಡಿ. ಪೂರ್ತಿ ನಿಲ್ಲಲಿ, ಆಮೇಲೆ ಬ್ರಷ್‌ನಿಂದ ತೆಗೆಯಿರಿ. ಬ್ಲೇಡ್ ಬಿಚ್ಚುವಾಗಂತೂ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳಿ.