ಬಿಸಿಲಿಗೂ ಆತ್ಮಹತ್ಯೆಗೂ ನಂಟಿದೆಯೇ?
ಕಲಬುರಗಿಯ ಬೇಸಿಗೆಯಲ್ಲಿ ಆತ್ಮಹತ್ಯೆ ಹೆಚ್ಚುತ್ತದೆಯೇ ಎಂದು ಕೇಳಿದ್ದೀರಿ, ಅಣ್ಣನ ಚಿಂತೆಯನ್ನೂ ಹೇಳಿಕೊಂಡಿದ್ದೀರಿ. ಯುರೋಪಿನಲ್ಲಿ 19ನೇ ಶತಮಾನದಿಂದಲೂ ಕಂಡಿರುವುದು ಇದು: ಕತ್ತಲಿನ ಚಳಿಗಾಲದಲ್ಲಲ್ಲ, ವಸಂತದಿಂದ ಬೇಸಿಗೆಯ ಆರಂಭದವರೆಗೆ ಹೆಚ್ಚು. ಹಗಲು ಹಿಗ್ಗಿದಂತೆ ಮಿದುಳಿನ ಸೆರೊಟೋನಿನ್ (ಮನಸ್ಥಿತಿಯ ಮೇಲೆ ಪ್ರಭಾವ ಬೀರುವ ರಾಸಾಯನಿಕ) ಏರುಪೇರಾಗಿ, ಖಿನ್ನತೆ ಇಳಿಯುವ ಮುನ್ನವೇ ಚಡಪಡಿಕೆ ಹೆಚ್ಚುತ್ತದೆ ಎಂಬುದು ಒಂದು ಊಹೆ, ಸಾಬೀತಾಗಿಲ್ಲ. ನಮ್ಮಲ್ಲಾದರೋ ಹಗಲಿನ ಉದ್ದ ವರ್ಷವಿಡೀ ಸುಮಾರು ಎರಡು ಗಂಟೆಯಷ್ಟೇ ಬದಲಾಗುತ್ತದೆ. ಭಾರತದ ಕುರಿತ 2017ರ ಅಧ್ಯಯನವೊಂದರಲ್ಲಿ ಸೆಕೆಯ ಪರಿಣಾಮ ಕಂಡದ್ದು ಬೆಳೆಯ ತಿಂಗಳುಗಳಲ್ಲಿ ಮಾತ್ರ. ಹಾಗಾಗಿ ಏಪ್ರಿಲ್ ಬಿಸಿಲಿಗಿಂತ ಸೆಕೆಗೆ ಹೊಲದಲ್ಲೇ ತೊಗರಿ ಬೆಳೆ ಒಣಗುವ ದಿನಗಳೇ ನನಗೆ ಹೆಚ್ಚು ಆತಂಕ ತರುತ್ತವೆ. ಅಣ್ಣ ‘ಬದುಕು ಸಾಕಾಗಿದೆ’ ಎನ್ನುತ್ತಿದ್ದರೆ ಋತು ನೋಡುತ್ತ ಕೂರಬೇಡಿ. ನೇರವಾಗಿ ಕೇಳಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.