ಕೆಳದಿ ಅರಸರ ಕಾಲದ ಓಲೆಗರಿ, ಕಡತ ನೋಡಲು ಏನೇನು ತಯಾರಿ ಬೇಕು?

ಎಂ.ಎ. ಪ್ರಬಂಧಕ್ಕೆ ಕೆಳದಿ ಕಾಲದ ಓಲೆಗರಿ ನೋಡಬೇಕು, ಶಂಕರಘಟ್ಟಕ್ಕೆ ಹೋದರೆ ಸಾಕೇ ಅಂತ ಕೇಳಿದ್ದೀರಿ. ಕುವೆಂಪು ವಿಶ್ವವಿದ್ಯಾಲಯದ ಕ್ಯಾಂಪಸ್ ಇರುವುದು ಶಂಕರಘಟ್ಟದಲ್ಲಿ ನಿಜ. ಆದರೆ ಓಲೆಗರಿಗಳಿರುವ ಅದರ ವಸ್ತುಸಂಗ್ರಹಾಲಯ ಸಾಗರದ ಪಕ್ಕದ ಕೆಳದಿಯಲ್ಲಿದೆ. ಅಲ್ಲಿಗೂ ಮೊದಲು ಪತ್ರ ಬರೆದು, ಒಪ್ಪಿಗೆ ಬಂದ ಮೇಲೆಯೇ ಬಸ್ಸು ಹತ್ತಿ.

ಪತ್ರ ನಿಮ್ಮ ಮಾರ್ಗದರ್ಶಕರ ಸಹಿಯೊಂದಿಗೆ ಹೋಗಲಿ. ‘ಕೆಳದಿಯದ್ದೆಲ್ಲ ತೋರಿಸಿ’ ಅಂದರೆ ಕೆಲಸ ಆಗುವುದಿಲ್ಲ. ಒಂದೊಂದು ಕಟ್ಟು ಬಿಚ್ಚುವುದೂ ಓಲೆಗೆ ಪೆಟ್ಟೇ. ‘ಶಿವಪ್ಪನಾಯಕನ ಶಿಸ್ತಿನ ಭೂಕಂದಾಯದ ಲೆಕ್ಕ’ ಅಂತ ನಿರ್ದಿಷ್ಟವಾಗಿ ಕೇಳಿ (ಶಿಸ್ತು ಅಂದರೆ ಅವನ ಕಾಲದ ಕಂದಾಯ ಪದ್ಧತಿ). ಹಸ್ತಪ್ರತಿಗಳ ಪಟ್ಟಿಯಾದ ಸೂಚಿಯಲ್ಲಿ ಕಟ್ಟಿನ ಸಂಖ್ಯೆ ಸಿಕ್ಕರೆ ಅದನ್ನೂ ಬರೆಯಿರಿ. ಫೋಟೊ ಬೇಕಿದ್ದರೆ ಅದೇ ಪತ್ರದಲ್ಲೇ ಅನುಮತಿ ಕೇಳಿಬಿಡಿ. ಸೂಚಿಯಲ್ಲಿ ಲಿಪಿಯ ಕಾಲಂ ತಪ್ಪದೆ ನೋಡಿ. ಮಲೆನಾಡಿನ ಸಂಸ್ಕೃತ ಓಲೆಗಳು ತಿಗಳಾರಿಯಲ್ಲೋ ನಂದಿನಾಗರಿಯಲ್ಲೋ ಇರಬಹುದು. ಆ ಲಿಪಿ ಬಾರದಿದ್ದರೆ ಓದಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ.

ಪೆನ್ನು ಬೇಡ, ಪೆನ್ಸಿಲ್ ಸಾಕು. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಎಣ್ಣೆ, ಕ್ರೀಮ್ ಹಚ್ಚಿರಬಾರದು. ಓಲೆಯನ್ನು ಎರಡೂ ಅಂಚುಗಳಲ್ಲಿ ಹಿಡಿದು, ಮೇಜಿನ ಮೇಲೇ ಮಗುಚಬೇಕು. ದಾರ ಎಳೆದರೆ ತೂತಿನ ಬಳಿ ಸೀಳುತ್ತದೆ, ಆ ಸೀಳು ಅಕ್ಷರದ ಸಾಲಿಗುಂಟ ಉದ್ದಕ್ಕೂ ಓಡುತ್ತದೆ. ಕಂಠದಿಂದ, ಅಂದರೆ ಓಲೆಯ ಮೇಲೆ ಬರೆಯುವ ಚೂಪು ಮೊನೆಯ ಕಡ್ಡಿಯಿಂದ, ಕೊರೆದ ಗೆರೆಯಲ್ಲಿ ಮಸಿ ಉದುರಿದ್ದರೆ ನೇರ ಬೆಳಕಿನಲ್ಲಿ ಏನೂ ಕಾಣದು. ಸಿಬ್ಬಂದಿಯನ್ನು ಕೇಳಿ, ಸಣ್ಣ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಗೀರುಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ನೀವಾಗಿ ಮಸಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ.

ಕಡತ ಸಿಕ್ಕರೆ ಇನ್ನೂ ಹುಷಾರು. ಅದು ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆ; ಬರೆದಿರುವುದು ಬಳಪದಲ್ಲಿ. ಬೆರಳು ತಾಗಿದರೆ ಅಕ್ಷರ ಅಳಿಸಿಹೋಗುತ್ತದೆ. ಮಡಿಕೆಗಳಲ್ಲಿ ಬಳಿದ ಪದರ ಚಕ್ಕೆ ಏಳುವುದರಿಂದ, ಬಿಚ್ಚುವ ಕೆಲಸ ಸಿಬ್ಬಂದಿಗೇ ಬಿಡಿ.

ಟಿಪ್ಪಣಿಯಲ್ಲಿ ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಮುಂಬದಿಯೋ ಹಿಂಬದಿಯೋ ಅನ್ನುವುದು ಮೂರೂ ಇರಲಿ. ಪ್ರತಿ ಗರಿಯ ಫೋಟೊದಲ್ಲೂ ಸಂಖ್ಯೆ ಬರೆದ ಚೀಟಿ ಕಾಣಲಿ, ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವ ಗರಿ ಯಾವುದೆಂದು ಗೊತ್ತಾಗುವುದಿಲ್ಲ. ಕಾಲ ಬರೆದುಕೊಳ್ಳುವಾಗ ಶಕ, ಸಂವತ್ಸರ, ಮಾಸ, ತಿಥಿ ಇದ್ದಂತೆಯೇ ಇಳಿಸಿಕೊಳ್ಳಿ. ಶಕ 1560 ಬಹುಧಾನ್ಯ ಸಂವತ್ಸರ ಅಂದರೆ 78 ಕೂಡಿಸಿ ಕ್ರಿ.ಶ. 1638, ಮಾಘ, ಫಾಲ್ಗುಣವಾದರೆ 1639. ಶಕವಿಲ್ಲದೆ ಬರೀ ಬಹುಧಾನ್ಯ ಅಂತಿದ್ದರೆ ಅವಸರ ಬೇಡ: ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ 1518ರಿಂದ 1758ರೊಳಗೆ ಅದು ಐದು ಸಲ ಬರುತ್ತದೆ, ಐದೂ ಕೆಳದಿ ಅರಸರ ಕಾಲವೇ. ಅರಸನ ಹೆಸರು ಹುಡುಕಿ ತೀರ್ಮಾನಿಸಬೇಕು.

ಆದಷ್ಟು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ನಮ್ಮ ಮಳೆಗಾಲದ ಥಂಡಿಯಲ್ಲಿ ಓಲೆ ತೇವ ಹೀರಿ ಒಂದಕ್ಕೊಂದು ಅಂಟುತ್ತದೆ, ಬೂಷ್ಟು ಹಿಡಿಯುತ್ತದೆ. ಆಗ ಕಟ್ಟು ಬಿಚ್ಚಲು ಅವರು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ.